ಗೆದ್ದ ವಾದ, ಏಳದ ಲ್ಯಾಪ್‌ಟಾಪ್

ಸಿಂಧನೂರಿನ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವವರಲ್ಲಿ ಬಹಳಷ್ಟು ಜನ ರೋಗ ಹೇಳುವುದಿಲ್ಲ, ಔಷಧವನ್ನೇ ಹೇಳುತ್ತಾರೆ. "ರ‍್ಯಾಮ್ ಹಾಕ್ರಿ" ಎನ್ನುತ್ತಾರೆ. ಯಾಕೆ ಎಂದರೆ ಗೆಳೆಯ ಹಾಕಿಸಿದ್ದಾನೆ, ಅವನದು ಓಡುತ್ತಿದೆ. ಇದು ಪುರಾವೆಯಲ್ಲ, ಸುದ್ದಿ. ಪದವಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯವನ್ನೇ ಹಿಡಿದು ಜಗ್ಗುವುದು ನನಗೆ ರೂಢಿಯಾಗಿತ್ತು. ಅಂಗಡಿಗೆ ಸೇರಿದ ಮೇಲೂ ಆ ಚಟ ಹೋಗಿಲ್ಲ. ಊರೆಲ್ಲ ಭಾಯಿ ಎಂದು ಕರೆಯುವ ನಮ್ಮ ಮಾಲೀಕರಿಗೆ ಇದು ತಲೆನೋವು. "ಬೇಟಿ, ಗಿರಾಕಿ ರ‍್ಯಾಮ್ ಕೇಳ್ಯಾನ, ರ‍್ಯಾಮ್ ಕೊಡು. ಅವನ ಮ್ಯಾಲ ಮುಕದ್ದಮಾ ನಡಸಬ್ಯಾಡ" ಎಂದು ಅವರು ಎಷ್ಟು ಸಲ ಹೇಳಿದ್ದಾರೋ.

ಆ ಬುಧವಾರ ಬಂದ ಗಿರಾಕಿ ಮಸ್ಕಿಯ ಯುವಕ. ಸಿವಿಲ್ ಡಿಪ್ಲೊಮಾ ಮುಗಿಸಿದವನು, ಕಟ್ಟುವ ಮನೆಗಳ ಮುಂಭಾಗದ ಚಿತ್ರವನ್ನು ಕಂಪ್ಯೂಟರಿನಲ್ಲಿ ಮೂಡಿಸಿಕೊಡುವುದು ಅವನ ಉದ್ಯೋಗ. ಕೈಯಲ್ಲಿದ್ದದ್ದು ಮಾತ್ರ ಗೇಮಿಂಗ್ ಲ್ಯಾಪ್‌ಟಾಪ್, ಕೀಲಿಗಳ ಕೆಳಗೆ ಕೆಂಪು ದೀಪ ಉರಿಯುವಂಥದ್ದು. ಓದಿಗೆ ಬೇಕು ಎಂದು ಮನೆಯಲ್ಲಿ ಹೇಳಿ ಆಟಕ್ಕೆ ಕೊಂಡದ್ದು ಎಂಬುದನ್ನು ಅವನು ಮುಚ್ಚಿಡಲೂ ಇಲ್ಲ. ಅವನೂ ರ‍್ಯಾಮ್ ಹಾಕ್ರಿ ಎಂದ. ನಾನೂ ಯಾಕೆ ಎಂದೆ. ಆಟ ಆಡುವಾಗ ತಡೆದು ತಡೆದು ಓಡುತ್ತದೆ, ಅದನ್ನು ಹೇಗೋ ಸಹಿಸಬಹುದು, ಮನೆಯೊಳಗೆ ಓಡಾಡಿಸಿ ತೋರಿಸುವ ವಿಡಿಯೊ ಮಾಡಲು ಹೋದರೆ ಪೂರ್ತಿ ನಿಂತುಬಿಡುತ್ತದೆ ಎಂದ.

ವಿಷಯ ಇಷ್ಟು. ಬಳಗಾನೂರಿನ ಒಂದು ರೈತ ಕುಟುಂಬ ಹೊಸ ಮನೆಗೆ ಬುನಾದಿ ಹಾಕಿತ್ತು. ಗೋಡೆ ಏಳುವ ಮೊದಲು ಒಳಗೆ ನಡೆದಾಡಿದಂತೆ ನೋಡಬೇಕೆಂಬುದು ಮನೆಯೊಡತಿಯ ಆಸೆ. ಭಾನುವಾರ ತೋರಿಸಬೇಕು, ಸೋಮವಾರ ಗೋಡೆ ಕಟ್ಟುವ ಗೌಂಡಿಗಳು ಬರುತ್ತಾರೆ. ಭಾನುವಾರ ತೋರಿಸದಿದ್ದರೆ ಅವರ ಅಳಿಯನಿಗೆ ರಾಯಚೂರಿನಲ್ಲಿ ಗೊತ್ತಿರುವ, ನಕ್ಷೆ ಬರೆಯುವ ಇನ್ನೊಬ್ಬರ ಪಾಲಾಗುತ್ತದೆ ಈ ಕೆಲಸ. ಇವನು ಅಲ್ಲಿಯವರೆಗೆ ಮಾಡಿದ್ದೆಲ್ಲ ಮುಂಭಾಗದ ಚಿತ್ರಗಳು. ಇಡೀ ಮನೆಯೊಂದು ಕೈಗೆ ಬಂದದ್ದು ಇದೇ ಮೊದಲು.

ಮೇಜಿನ ಮೇಲೆ ಅವನ ಮನೆಯ ಫೈಲ್ ತೆರೆದೆವು, ಪಕ್ಕದಲ್ಲಿ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್. ಮೊದಲು ಶಾಖ ನೋಡಿದೆ. ಭತ್ತದ ಗಿರಣಿಗಳ ಊರು ನಮ್ಮದು, ಎಷ್ಟೋ ಲ್ಯಾಪ್‌ಟಾಪ್‌ಗಳ ಫ್ಯಾನ್ ಬಿಚ್ಚಿದರೆ ಹೊಟ್ಟಿನ ಧೂಳು ಹಾಸಿಗೆಯಂತೆ ಕೂತಿರುತ್ತದೆ. ಇವನದು ಸ್ವಚ್ಛವಾಗಿತ್ತು. ವಿಡಿಯೊ ತಯಾರಿಸಲು ಹಚ್ಚಿದೆವು. ಕ್ಯಾಮೆರಾ ಹೆಬ್ಬಾಗಿಲು ದಾಟಿ, ಪಡಸಾಲೆ ದಾಟಿ ಮೆಟ್ಟಿಲ ಬಳಿ ಬರುವ ಹೊತ್ತಿಗೆ ಮೆಮೊರಿಯ, ಅಂದರೆ ರ‍್ಯಾಮಿನ, ಗೆರೆ ಮೇಲಿನ ಅಂಚಿಗೆ ಅಂಟಿತ್ತು. ಪ್ರೊಸೆಸರ್ ಆರಾಮಾಗಿತ್ತು, ಗ್ರಾಫಿಕ್ಸ್ ಕಾರ್ಡ್ ಅರೆನಿದ್ದೆಯಲ್ಲಿತ್ತು, ಡಿಸ್ಕ್ ಮಾತ್ರ ಏದುಸಿರು ಬಿಡುತ್ತ ದುಡಿಯುತ್ತಿತ್ತು. ಮೆಮೊರಿಯಲ್ಲಿ ಹಿಡಿಯದ್ದನ್ನು ಡಿಸ್ಕಿಗೆ ಹೊತ್ತು ಹಾಕುವುದು, ಬೇಕೆಂದಾಗ ಮತ್ತೆ ಹೊತ್ತು ತರುವುದು, ಅಷ್ಟೇ ಕೆಲಸ. ಮೆಟ್ಟಿಲ ಬಳಿ ಚಿತ್ರ ನಿಂತಿತು, ಮುಂದೆ ಹೋಗಲಿಲ್ಲ.

ಅಂದರೆ ಗಿರಾಕಿ ಹೇಳಿದ್ದೇ ಸರಿ. ನನಗೆ ಸ್ವಲ್ಪ ನಿರಾಸೆಯಾಯಿತು ಎಂದರೆ ಸುಳ್ಳಲ್ಲ. ಭಾಯಿ ಕುರ್ಚಿಯಿಂದಲೇ ತೀರ್ಪು ಕೊಟ್ಟರು: "ಅವನೂ ರ‍್ಯಾಮ್ ಅಂದ, ನೀನೂ ರ‍್ಯಾಮ್ ಅಂದಿ. ನಡುವ ಮಧ್ಯಾಹ್ನ ಹೋತು."

ಹಿಂಬದಿ ಬಿಚ್ಚಿ ನೋಡಿದರೆ ಎಂಟು ಜಿಬಿಯ ಒಂದೇ ರ‍್ಯಾಮ್ ಇತ್ತು, ಪಕ್ಕದ ಸ್ಲಾಟ್ ಖಾಲಿ. ಇರುವುದರ ಚೀಟಿ ಓದಿ ಜಾತಿ, ವೇಗ, ವೋಲ್ಟೇಜ್ ಮೂರನ್ನೂ ಹೊಂದಿಸಿ ಹದಿನಾರು ಜಿಬಿಯ ಇನ್ನೊಂದಕ್ಕೆ ರಾಯಚೂರಿನ ಬಿಡಿಭಾಗದ ವ್ಯಾಪಾರಿಗೆ ಹೇಳಿದೆ. ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನೂ ಗಿರಾಕಿಗೆ ಬಿಡಿಸಿ ಹೇಳಿದೆ. ವಿಡಿಯೊ ನಿಲ್ಲುವುದು ತಪ್ಪುತ್ತದೆ, ಆಟದಲ್ಲಿ ತಡೆಯುವುದು ಕಡಿಮೆಯಾಗುತ್ತದೆ, ಆದರೆ ಗ್ರಾಫಿಕ್ಸ್ ಕಾರ್ಡ್ ಇದ್ದದ್ದೇ ಇರುತ್ತದೆ, ಹೊಸ ಆಟವೆಲ್ಲ ಬೆಣ್ಣೆಯ ಹಾಗೆ ಓಡುತ್ತದೆ ಎಂದುಕೊಳ್ಳಬೇಡಿ ಎಂದೆ. ಭಾನುವಾರ ದಾಟಲಿ, ಆಟ ಆಮೇಲೆ ಎಂದ ಅವನು.

ಪಾರ್ಸೆಲ್ ಶುಕ್ರವಾರ ಬಸ್ಸಿನಲ್ಲಿ ಬಂತು. ನಾನು ಅವತ್ತು ಹಟ್ಟಿ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ ಒಬ್ಬರ ಕಂಪ್ಯೂಟರ್ ನೋಡಲು ಹೋಗಿದ್ದೆ. ಗಿರಾಕಿಯೇ ಅಂಗಡಿಗೆ ಬಂದು ಭಾಯಿಯ ಕೈಯಿಂದ ರ‍್ಯಾಮ್ ಇಸಿದುಕೊಂಡು ಹೋದ. ನನ್ನ ಮನೆ ಲಿಂಗಸುಗೂರಿನಲ್ಲಿ, ದಿನಾ ಓಡಾಡುವ ದಾರಿಯಲ್ಲೇ ಮಸ್ಕಿ. ಶನಿವಾರ ಅಂಗಡಿಯಿಂದ ಬೇಗ ಹೊರಟು, ಅವನ ಮನೆಯಲ್ಲೇ ಕೂಡಿಸಿ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವನು ಉಳಿದ ಚಿತ್ರ ಮುಗಿಸಿಕೊಳ್ಳಬಹುದು.

ಶನಿವಾರ ಮಧ್ಯಾಹ್ನ ಹೋದೆ. ಗುಡ್ಡದ ಕಡೆಯ ಓಣಿಯಲ್ಲಿ ಮನೆ. ಮುಂದಿನ ಕೋಣೆಯಲ್ಲಿ ಅವನ ತಾಯಿ ಹೊಲಿಗೆ ಮಷೀನಿನ ಮುಂದೆ ಕೂತು ಜಂಪರಿಗೆ ತೋಳು ಕೂಡಿಸುತ್ತಿದ್ದರು. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದು ಬಂದದ್ದನ್ನು ಒಂದು ಸಲ ಕಣ್ಣೆತ್ತಿ ನೋಡಿ, ಬಾ ಯವ್ವ ಎಂದು ಕರೆದು, ನೀರು ಕೊಟ್ಟು ಮತ್ತೆ ಪೆಡಲ್ ತುಳಿಯತೊಡಗಿದರು. ನಾವು ಒಳಕೋಣೆಗೆ ಹೋದೆವು. ರ‍್ಯಾಮಿನ ಪ್ಯಾಕೆಟ್ ಒಡೆದಿತ್ತು. ಮನೆಯಲ್ಲಿ ತೋರಿಸಲು ತೆಗೆದಿದ್ದೆ ಎಂದ ಗಿರಾಕಿ. ತಿರುಗಿಸಿ ನೋಡಿದೆ. ಎಲ್ಲೂ ಬಿರುಕಿಲ್ಲ, ಸ್ಲಾಟಿಗೆ ತಾಗಿ ವಿದ್ಯುತ್ ಸಾಗಿಸುವ ಅಂಚಿನ ಬಂಗಾರದ ಬಣ್ಣದ ಹಲ್ಲುಗಳು ಸಾಲಾಗಿ ಇದ್ದವು.

ಈ ಕೆಲಸದಲ್ಲಿ ಅವಸರ ಮಾಡುವಂಥದ್ದೇನೂ ಇಲ್ಲ. ಚಾರ್ಜರ್ ತೆಗೆಯಬೇಕು, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಇಡಬೇಕು, ಯಾಕೆಂದರೆ ಮುಂದಿನವು ಗಿಡ್ಡ, ಹಿಂದಿನವು ಉದ್ದ. ಉದ್ದದ್ದನ್ನು ಗಿಡ್ಡದ ಜಾಗದಲ್ಲಿ ತಿರುವಿದರೆ ಮೇಲಿನ ಪ್ಲಾಸ್ಟಿಕ್ ಸೀಳುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚು ತೂರಿಸಿ ಮುಚ್ಚಳ ಎಬ್ಬಿಸಬೇಕು. ಒಳಗಿನ ಬ್ಯಾಟರಿಯ ವೈರನ್ನು ಬಿಡಿಸಿ, ಪವರ್ ಬಟನ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಬೇಕು. ಕೈಯಲ್ಲಿ ಸ್ಥಿರವಿದ್ಯುತ್ ಇರಬಾರದೆಂದು ಕಿಟಕಿಯ ಕಬ್ಬಿಣದ ಸರಳು ಮುಟ್ಟಿ, ರ‍್ಯಾಮನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದೆ. ಎರಡೂ ಕಡೆಯ ಕೊಂಡಿ ಟಕ್ಕೆಂದು ಕೂತವು. ಚೆನ್ನಾಗಿ ಕೂತಿತು.

ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಬರಲಿಲ್ಲ. ಕಾದೆ. ಕ್ಯಾಪ್ಸ್‌ಲಾಕಿನ ದೀಪ ಒಂದೇ ಲಯದಲ್ಲಿ ಕಣ್ಣು ಮಿಟುಕಿಸತೊಡಗಿತು. ಮೆಮೊರಿ ಸರಿಯಿಲ್ಲ ಎಂದು ಯಂತ್ರ ಹೇಳುವ ರೀತಿ ಅದು.

ತೆಗೆದು ಮತ್ತೆ ಕೂಡಿಸಿದೆ, ಅದೇ ಕಥೆ. ಹೊಸದನ್ನು ತೆಗೆದು ಹಳೆಯದೊಂದನ್ನೇ ಬಿಟ್ಟೆ, ಎದ್ದಿತು. ಹಳೆಯದನ್ನು ಖಾಲಿಯಿದ್ದ ಸ್ಲಾಟಿಗೆ ಹಾಕಿದೆ, ಎದ್ದಿತು. ಹೊಸದನ್ನು ಒಂಟಿಯಾಗಿ ಆ ಸ್ಲಾಟಿಗೂ ಈ ಸ್ಲಾಟಿಗೂ ಹಾಕಿದೆ, ಎಲ್ಲೂ ಏಳಲಿಲ್ಲ. ಲ್ಯಾಪ್‌ಟಾಪ್ ನಿರ್ದೋಷಿ, ಸ್ಲಾಟುಗಳು ನಿರ್ದೋಷಿ, ಉಳಿದದ್ದು ಒಂದೇ ಆರೋಪಿ.

ರಾಯಚೂರಿಗೆ ಫೋನ್ ಹಚ್ಚಿದೆ. ವ್ಯಾಪಾರಿ ಮೊದಲು ನಿಮ್ಮ ಲ್ಯಾಪ್‌ಟಾಪೇ ಹಳತು ಎಂದ. ಹಳೆಯ ರ‍್ಯಾಮ್ ಎರಡೂ ಸ್ಲಾಟಿನಲ್ಲಿ ಓಡಿದ್ದನ್ನು ಹೇಳಿದೆ. ಹೊಂದಾಣಿಕೆ ಇಲ್ಲದಿರಬಹುದು ಎಂದ. ಚೀಟಿಯ ಮೇಲಿನ ಮೂರೂ ವಿವರ ಓದಿ ಹೇಳಿದೆ. ಸರಿಯಾಗಿ ಕೂಡಿಸಿಲ್ಲ ಎಂದ. ಪ್ರತಿ ಹೆಜ್ಜೆಯನ್ನೂ ಕ್ರಮವಾಗಿ ಒಪ್ಪಿಸಿ, ಇದರಲ್ಲಿ ಯಾವುದು ತಪ್ಪು ತೋರಿಸಿ ಎಂದು ಕೇಳಿದೆ. "ಆತು ಬಿಡ್ರಿ ಮೇಡಂ, ನೀವು ಮಾತಿಗೆ ಜಾಗಾನ ಬಿಡವಲ್ರಿ. ಹೊಸಾದು ಕಳಸ್ತೀನಿ. ಮಂಗಳವಾರ ಮುಟ್ಟತೈತಿ" ಎಂದ.

ಗೆದ್ದೆ. ತಿರುಗಿ ನೋಡಿದರೆ ಗಿರಾಕಿ ಗೋಡೆಗೆ ಒರಗಿ ಕೂತಿದ್ದ.

"ಮಂಗಳವಾರ ತಗೊಂಡು ಏನ್ ಮಾಡ್ಲಿ ಮೇಡಂ" ಎಂದ. "ಸೋಮವಾರ ಗೌಂಡಿ ಬರ್ತಾರ. ಹೋಗ್ಲಿ ಬಿಡ್ರಿ, ಅವರ ಅಳಿಯ ಹೇಳಿದ ರಾಯಚೂರಿನಾಂವನ ಮಾಡ್ಲಿ."

ಮುಂದಿನ ಕೋಣೆಯ ಹೊಲಿಗೆ ಮಷೀನಿನ ಸದ್ದು ನಿಂತಿತ್ತು. ಅವನ ತಾಯಿ ಕೇಳಿಸಿಕೊಂಡಿದ್ದರು.

ನಾನು ಚೀಲಕ್ಕೆ ಸಾಮಾನು ಹಾಕಿಕೊಂಡು ಬಸ್ ಹತ್ತಬಹುದಿತ್ತು. ನನ್ನ ಕಡೆಯಿಂದ ಕೆಲಸದಲ್ಲಿ ಲೋಪವಿರಲಿಲ್ಲ, ಅದನ್ನು ವ್ಯಾಪಾರಿಯೇ ಒಪ್ಪಿದ್ದ. ಆದರೆ ಆ ಗೆಲುವಿನಿಂದ ಒಬ್ಬರಿಗೂ ಉಪಯೋಗವಿರಲಿಲ್ಲ. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಕಾಲೇಜಿನ ಮೇಷ್ಟ್ರು ಪ್ರತಿ ಸಲವೂ ವೇದಿಕೆ ಹತ್ತುವ ಮೊದಲು ಎದುರು ಪಕ್ಷದ ವಾದವನ್ನು ನಮ್ಮ ಬಾಯಿಂದಲೇ ಮಾಡಿಸುತ್ತಿದ್ದರು, ಅದೂ ಎದುರಿನವರಿಗಿಂತ ಗಟ್ಟಿಯಾಗಿ. ಸರಿ, ನಾನೇ ಆ ವ್ಯಾಪಾರಿಯ ಪರ ನಿಂತಿದ್ದರೆ ಏನು ಕೇಳುತ್ತಿದ್ದೆ? "ನಾನು ಕಳಿಸಿದಾಗ ಸರಿಯಿತ್ತು. ಆಮೇಲೆ ಏನಾಯಿತು, ನಿಮಗೇನು ಗೊತ್ತು?" ಎಂದು ಕೇಳುತ್ತಿದ್ದೆ. ಪಾಪ, ಅವನಿಗೆ ಇದು ಹೊಳೆಯಲಿಲ್ಲ. ಹೊಳೆದಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಪರೀಕ್ಷೆಗಳೆಲ್ಲ ಸೇರಿ ಸಾಬೀತು ಮಾಡಿದ್ದು ಇಷ್ಟೇ: ಈ ರ‍್ಯಾಮ್ ಈಗ ಮಾತಾಡುತ್ತಿಲ್ಲ. ಹುಟ್ಟಾ ಮೂಕ ಎಂದು ಸಾಬೀತಾಗಿರಲಿಲ್ಲ.

ಮುಚ್ಚಿದ ಮೊಕದ್ದಮೆಯನ್ನು ಮತ್ತೆ ತೆರೆಯುವುದೆಂದು ಚೀಲ ಕೆಳಗಿಟ್ಟೆ. ಕಿಟಕಿಯ ಬೆಳಕಿಗೆ ರ‍್ಯಾಮ್ ಹಿಡಿದು ಭೂತಗನ್ನಡಿಯಿಂದ ನೋಡಿದೆ. ಹಲ್ಲುಗಳು ಹಳದಿ, ಹಳದಿಯೇ ಇರಬೇಕು, ತಪ್ಪೇನೂ ಇಲ್ಲ. ಆದರೂ ಒಂದು ಸಂದೇಹ. ಹೊಸ ರ‍್ಯಾಮಿನ ಹಲ್ಲು ಕನ್ನಡಿಯಂತೆ ಮಿಂಚಬೇಕು, ಇದು ಮಂಕಾಗಿತ್ತು. ಗಿರಾಕಿಯ ಡ್ರಾಯಿಂಗ್ ಡಬ್ಬಿಯಲ್ಲಿ ಬಿಳಿ ರಬ್ಬರ್ ಇತ್ತು. ಅದರಿಂದ ಅಂಚನ್ನು ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿದೆ. ಉದುರಿದ ಚೂರುಗಳು ಹಳದಿಯಾಗಿದ್ದವು. ಬಂಗಾರ ರಬ್ಬರಿಗೆ ಹತ್ತುವುದಿಲ್ಲ. ಮೂಗಿನ ಹತ್ತಿರ ಹಿಡಿದೆ. ಅಡುಗೆಮನೆಯ ವಾಸನೆ.

ಅರಿಷಿಣ.

ಗಿರಾಕಿಯ ಮುಖ ನೋಡಿದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ರಾತ್ರಿ ಅವ್ವ ಇದನ್ನು ದೇವರ ಮುಂದೆ ಇಡು ಎಂದಿದ್ದಳಂತೆ, ಅವನು ಇಟ್ಟು ಮಲಗಿದ್ದನಂತೆ. ಬರೀ ಹೂವು ಇಟ್ಟಿರಬಹುದು ಎಂದುಕೊಂಡಿದ್ದನಂತೆ. "ಅವ್ವಗ ಮಾತ್ರ ಹೇಳಬ್ಯಾಡ್ರಿ ಅಕ್ಕ" ಎಂದ. ಅಲ್ಲಿಯವರೆಗೆ ನಾನು ಮೇಡಂ ಆಗಿದ್ದೆ. "ಮೂರು ವರ್ಷ ಆತು, ಇದಕ್ಕ ಆಟದ ಪೆಟ್ಟಿಗಿ ಅಂತ ಬೈದಾಳ. ಆಯುಧ ಪೂಜಿ ದಿನ ಹೊಲಿಗಿ ಮಷೀನಿಗೆ ಹೂವು, ಕತ್ರಿಗೆ ಹೂವು, ಸೈಕಲ್ಲಿಗೂ ಹೂವು, ಇದನ್ನ ಮುಟ್ಟಿಲ್ಲ. ಬಳಗಾನೂರಿನ ಕೆಲಸ ಬಂದ ಮ್ಯಾಲ ಮೊದಲನೇ ಸಲ ಕೈ ಮುಗದಾಳ."

ಎದುರಾಳಿ ವ್ಯಾಪಾರಿಯಾಗಿದ್ದರೆ ಸುಲಭವಿತ್ತು. ನಾನು ದೇವರ ಬಗ್ಗೆಯೂ ವಾಸ್ತುವಿನ ಬಗ್ಗೆಯೂ ವಾದ ಮಾಡಿ ಮನೆಯಲ್ಲಿ ಊಟ ತಣ್ಣಗಾದ ದಿನಗಳಿವೆ. ಆದರೆ ಇಲ್ಲಿ ನಂಬಿಕೆ ಸರಿಯೇ ಎಂಬ ಪ್ರಶ್ನೆಯೇ ಇರಲಿಲ್ಲ. ತಾಯಿಯೊಬ್ಬಳು ಮಗನ ಕೆಲಸವನ್ನು ಕೆಲಸ ಎಂದು ಒಪ್ಪಿಕೊಂಡಿದ್ದಳು, ಒಪ್ಪಿಕೊಂಡ ಗುರುತು ಸರ್ಕಿಟ್ಟಿನ ಹಲ್ಲಿಗೆ ಹತ್ತಿತ್ತು, ಅಷ್ಟೇ. ಹೇಳದೆ ಬಿಡುವುದೂ ಸರಿಯಲ್ಲ. ಮುಂದಿನ ಆಯುಧ ಪೂಜೆಗೆ ಅಮ್ಮ ಪ್ರೀತಿಯಿಂದ ಎಲ್ಲೆಲ್ಲಿ ಹಚ್ಚುವರೋ ಯಾರಿಗೆ ಗೊತ್ತು? ಹೇಳುವುದು ಖಚಿತ. ಹೇಗೆ ಎಂಬುದಷ್ಟೇ ಉಳಿಯಿತು.

ರ‍್ಯಾಮ್ ಕೈಯಲ್ಲೇ ಹಿಡಿದು ಮುಂದಿನ ಕೋಣೆಗೆ ಹೋದೆ.

"ಅಮ್ಮಾರ, ಇದಕ್ಕ ಅರಿಷಿಣ ಹಚ್ಚಿದ್ರೇನು?"

"ಹಚ್ಚೀನಿ. ಹೊಸಾದು ಮನಿಗೆ ಬಂದೈತಿ, ಅರಿಷಿಣ ಕುಂಕುಮ ಇಲ್ಲದ ಹೆಂಗ ಬಳಸೂದು? ಮುಂಜಾನಿ ಹಸಿ ಅರಿವಿಲೆ ಒರಸೀನಿ, ಇಂವ ನಗ್ತಾನಂತ."

"ಯಾವ ಜಾಗಾಕ ಹಚ್ಚಿದ್ರಿ?"

"ಬಂಗಾರದಂಗ ಹೊಳಿಯಾಕತ್ತಿತ್ತಲ್ಲ, ಅಲ್ಲಿ. ಕರೀ ಜಾಗಾದಾಗ ಹಚ್ಚಿದ್ರ ಏನ್ ಚಂದ?"

ಮಷೀನಿನ ಪಕ್ಕ ಕೂತೆ.

"ಈ ಮಷೀನಿಗೂ ಪೂಜಿ ಮಾಡ್ತೀರಲ್ಲ, ಎಲ್ಲಿ ಹಚ್ತೀರಿ?"

"ಗಾಲಿಗೆ, ಮೈಗೆ."

"ಸೂಜಿಗೆ?"

ಅವರು ನನ್ನನ್ನು ಪೆದ್ದಿಯಂತೆ ನೋಡಿದರು. "ಸೂಜಿಗೆ ಯಾರರ ಹಚ್ತಾರೇನ ಯವ್ವ? ಹೊಲಿಯೂ ಅರಿವಿಗೆಲ್ಲ ಕಲಿ ಬೀಳ್ತಾವ."

"ಈ ಹೊಳಿಯೂದು ಐತಲ್ಲ ಅಮ್ಮಾರ, ಇದು ಅದರ ಸೂಜಿ."

ಅವರು ರ‍್ಯಾಮನ್ನು ತೆಗೆದುಕೊಂಡು ಹಲ್ಲುಗಳ ಸಾಲನ್ನು ಹತ್ತಿರದಿಂದ ನೋಡಿದರು. ಬೆರಳು ಮುಟ್ಟಿಸಲು ಹೋಗಿ ತಾವೇ ತಡೆದುಕೊಂಡರು. ಅವ್ವ ಅತ್ತಾಳೆಂಬ ಭಯಕ್ಕೆ ಮಗ ನನ್ನ ಹಿಂದೆ ಬಂದು ನಿಂತಿದ್ದ. ಅಮ್ಮ ಅವನ ಕಡೆ ತಿರುಗಿದರು: "ಲೇ, ಇದಕ್ಕೊಂದು ಸೂಜಿ ಐತಂತ ನೀ ಯಾಕ ಹೇಳಲಿಲ್ಲ? ಮೂರು ವರ್ಷ ಅದರ ಮುಂದ ಕುಂತೀದಿ, ಕಲತದ್ದು ಏನು?"

ಅವನು ನಗುತ್ತ ರಬ್ಬರ್ ತಂದುಕೊಟ್ಟ.

ಆಮೇಲಿನದು ತಾಳ್ಮೆಯ ಕೆಲಸ. ಎರಡೂ ಬದಿಯ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ. ಅರಿಷಿಣವನ್ನು ಅಮ್ಮ ಎಣ್ಣೆಯಲ್ಲಿ ಕಲಸಿದ್ದರಂತೆ, ಹಸಿ ಬಟ್ಟೆಗೆ ಬಿಡದೆ ತೆಳ್ಳಗೆ ಪೊರೆಗಟ್ಟಿತ್ತು. ಚೀಲದಲ್ಲಿದ್ದ ಸ್ಪಿರಿಟಿನಲ್ಲಿ ಬ್ರಷ್ ಅದ್ದಿ ಹಲ್ಲುಗಳ ನಡುವಿನ ಸಂದಿಗಳನ್ನೂ ತೊಳೆದೆ. ನಾನೇ ಆ ರ‍್ಯಾಮನ್ನು ಎರಡೂ ಸ್ಲಾಟುಗಳಲ್ಲಿ ಆಡಿಸಿದ್ದರಿಂದ ಅವುಗಳ ಒಳಗೂ ಅದೇ ಬ್ರಷ್ ಆಡಿಸಿದೆ. ಸ್ಪಿರಿಟ್ ಪೂರ್ತಿ ಆರಲೆಂದು ಚಹಾ ಕುಡಿದು ಮುಗಿಯುವವರೆಗೆ ಅದನ್ನು ಮುಟ್ಟಲಿಲ್ಲ. ಹಲ್ಲುಗಳು ಈಗ ನಿಜಕ್ಕೂ ಮಿಂಚುತ್ತಿದ್ದವು. ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ಕೊಂಡಿ ಕೂಡಿಸಿ, ಬ್ಯಾಟರಿಯ ವೈರ್ ಹಾಕಿ ಬಟನ್ ಒತ್ತಿದೆ.

ಮತ್ತೆ ಕಪ್ಪು ಪರದೆ. ಆದರೆ ದೀಪ ಮಿಟುಕಲಿಲ್ಲ. ಹೊಸ ಮೆಮೊರಿಯನ್ನು ಯಂತ್ರ ಮೊದಲ ಸಲ ಪರಿಚಯ ಮಾಡಿಕೊಳ್ಳುವಾಗ ಪರದೆ ತುಸು ಹೆಚ್ಚು ಹೊತ್ತು ಖಾಲಿ ಇರುತ್ತದೆ. ಆಗ ಅವಸರಪಟ್ಟು ಬಂದ್ ಮಾಡಬಾರದು. ನಾನು ಕೈಕಟ್ಟಿ ಕೂತೆ. ಮಗನೂ ಕೂತ. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.

"ಇಂವ ಹೇಳಿದ್ದ, ಈ ಹುಡುಗಿ ಯಾವುದನ್ನೂ ನಂಬಂಗಿಲ್ಲಂತ" ಎಂದರು. "ಈಗ ಅದರ ಮುಂದ ಕೈ ಕಟ್ಟಿ ಕುಂತೀದಿ, ಇದಕ್ಕ ಏನಂತಾರ ಯವ್ವ?"

ಇದು ಕಾರಣ ಗೊತ್ತಿದ್ದು ಕಾಯುವುದು, ಅದು ಬೇರೆ ಎಂದು ನಾನು ಶುರು ಮಾಡಿದ್ದೆ. ಪರದೆ ಬೆಳಗಿ ನನ್ನ ಮಾತು ಅಲ್ಲಿಗೇ ನಿಂತಿತು. ಇಪ್ಪತ್ತನಾಲ್ಕು ಜಿಬಿ ಎಂದು ತೋರಿಸಿತು.

ಎದ್ದರಷ್ಟೇ ಸಾಲದು. ಬುಧವಾರ ಓಡಿಸಿದ್ದ ಅದೇ ಫೈಲನ್ನು ಅದೇ ಸೆಟ್ಟಿಂಗಿನಲ್ಲಿ ಓಡಿಸಿದೆವು. ಬೇರೆ ಫೈಲ್ ಓಡಿಸಿ ವೇಗವಾಯಿತು ಎಂದರೆ ನಾನೇ ಒಪ್ಪುವವಳಲ್ಲ. ಹೆಬ್ಬಾಗಿಲು, ಪಡಸಾಲೆ, ಮೆಟ್ಟಿಲು. ಮೆಮೊರಿಯ ಗೆರೆ ಅರ್ಧಕ್ಕಿಂತ ಮೇಲೇರಿ ಅಲ್ಲೇ ತಂಗಿತು, ಡಿಸ್ಕ್ ತಣ್ಣಗಿತ್ತು. ಕ್ಯಾಮೆರಾ ಮೆಟ್ಟಿಲು ಹತ್ತಿ ಮಹಡಿಗೆ ಹೋಯಿತು. ಆ ಮಹಡಿಯನ್ನು ಗಿರಾಕಿ ತಾನೇ ಬರೆದಿದ್ದರೂ ಹೀಗೆ ಹತ್ತಿ ಹೋಗಿ ನೋಡಿದ್ದು ಆಗಲೇ.

ಹೊರಡುವ ಮೊದಲು ರಾಯಚೂರಿಗೆ ಮತ್ತೆ ಫೋನ್ ಮಾಡಿ, ನಿಮ್ಮ ರ‍್ಯಾಮ್ ಸರಿಯಿದೆ, ಬದಲಿ ಕಳಿಸಬೇಡಿ ಎಂದೆ. ಏನಾಗಿತ್ತು ಎಂದು ಕೇಳಿದ. ಮನೆಯವರ ಅನುಮತಿ ಪಡೆದು ಹೇಳಿದೆ. ಅವನು ಎಷ್ಟು ನಕ್ಕನೆಂದರೆ ಫೋನಿನ ಸದ್ದು ಅಮ್ಮನಿಗೂ ಕೇಳಿಸಿತು.

ಭಾನುವಾರ ನನಗೆ ರಜೆ. ಆದರೂ ಬಳಗಾನೂರಿಗೆ ಹೋದೆ. ಮನೆಯಲ್ಲಿ ಓಡಿದ್ದು ಹೊರಗೂ ಓಡುತ್ತದೆ ಎಂಬುದಕ್ಕೆ ಪುರಾವೆ ಬೇಕು ಎಂದು ಗಿರಾಕಿಗೆ ಹೇಳಿದೆ. ನೋಡುವ ಆಸೆಯೂ ಇತ್ತು, ಅದನ್ನು ಹೇಳಲಿಲ್ಲ. ಹಳೆಯ ಮನೆಯ ಪಡಸಾಲೆಯಲ್ಲಿ ಭತ್ತದ ಚೀಲಗಳ ಪಕ್ಕ ಮನೆಯೊಡೆಯ, ಒಡತಿ ಕೂತರು. ಚಾರ್ಜರ್ ಹಚ್ಚಿಯೇ ತೋರಿಸಬೇಕು, ಬ್ಯಾಟರಿಯ ಮೇಲೆ ಗೇಮಿಂಗ್ ಲ್ಯಾಪ್‌ಟಾಪ್ ಅರ್ಧ ಶಕ್ತಿಯಲ್ಲಿ ಓಡುತ್ತದೆ ಎಂದು ನಾನು ಮೊದಲೇ ಹೇಳಿದ್ದೆ. ಕರೆಂಟು ಇತ್ತು.

ವಿಡಿಯೊ ಒಮ್ಮೆ ಪೂರ್ತಿ ನೋಡಿದ ಮೇಲೆ ಒಡೆಯ ಚಂದ ಐತಿ ಎಂದ. ಒಡತಿ ಅಡುಗೆಮನೆಗೆ ಮತ್ತೆ ಹೋಗಿ ಎಂದರು. ಹೋದೆವು. ಕಿಟಕಿ ಹಿತ್ತಲ ಕಡೆಗಿತ್ತು.

"ಇಲ್ಲಿ ನಿಂತ್ರ ನನಗ ಹಿತ್ತಲ ಗ್ವಾಡಿ ಕಾಣತೈತಿ" ಎಂದರು. "ಇಷ್ಟು ವರ್ಷ ಅದನ್ನ ನೋಡೀನಿ. ಕಾಲುವಿ ಕಡೆ ಆಗಂಗಿಲ್ಲೇನು? ಹೊಲದಾಗಿಂದ ಯಾರು ಬಂದ್ರು, ಯಾರು ಹೋದ್ರು, ಕಾಣಬೇಕು."

ಒಡೆಯ, ಎಲ್ಲಾ ಮುಗಿದ ಮೇಲೆ ಇದೇನು ಎನ್ನುವಂತೆ ಕೈ ಎತ್ತಿದ. ನಮ್ಮ ಗಿರಾಕಿ ಆಗಲೇ ಪರದೆಯ ಮೇಲೆ ಆ ಗೋಡೆಯನ್ನು ತೆರೆದಿದ್ದ. ಕಿಟಕಿಯನ್ನು ಎಳೆದು ಕಾಲುವೆಯ ಕಡೆಯ ಗೋಡೆಗೆ ತಂದ, ಒಲೆಯ ಕಟ್ಟೆಯನ್ನು ಅದರ ಕೆಳಗೆ ಸರಿಸಿದ, ಬೆಳಕು ಬದಲಿಸಿದ. ಅವರ ಎದುರೇ, ಮಾತಾಡುತ್ತಲೇ. ಯಂತ್ರ ಒಮ್ಮೆಯೂ ತಡೆಯಲಿಲ್ಲ. ಫ್ಯಾನ್ ಸದ್ದು ಜೋರಾಯಿತು, ಅಷ್ಟೇ. ಒಡತಿ ಚಾಪೆಯ ಮೇಲೆಯೇ ಮುಂದೆ ಸರಿದು ಕೂತರು. ಇನ್ನೊಮ್ಮೆ ಬಾಗಿಲಿನಿಂದ ಬಾ ಎಂದರು. ಅವನು ಹೆಬ್ಬಾಗಿಲಿನಿಂದ ಶುರು ಮಾಡಿ ಅಡುಗೆಮನೆಯವರೆಗೆ ಕರೆದುಕೊಂಡು ಹೋದ.

ಒಡೆಯ ಹೆಂಡತಿಯ ಮುಖ ನೋಡಿದ, ಆಮೇಲೆ ಇವನನ್ನು. "ನಾಳಿ ಗೌಂಡಿ ಬರ್ತಾರ. ನೀನ ಬಂದು ನಿಂತು ಗುರುತು ಹಾಕಿಸು" ಎಂದ. ಅಳಿಯನ ಮಾತನ್ನು ಯಾರೂ ಎತ್ತಲಿಲ್ಲ.

ಹೊರಡುವಾಗ ಕಟ್ಟುವ ಜಾಗಕ್ಕೆ ಕರೆದುಕೊಂಡು ಹೋದರು. ಇದ್ದದ್ದು ಬುನಾದಿ ಮಾತ್ರ, ಮೊಣಕಾಲೆತ್ತರದ ಕಲ್ಲಿನ ಚೌಕಗಳು. ಒಡತಿ ಸೆರಗು ಸಿಕ್ಕಿಸಿಕೊಂಡು ಎರಡು ಚೌಕ ದಾಟಿ, ಅಡುಗೆಮನೆಯಾಗಲಿರುವ ಮೂರನೆಯದರಲ್ಲಿ ನಿಂತರು. ಮುಂದೆ ಗದ್ದೆಗಳು, ಅವುಗಳಾಚೆ ಕಾಲುವೆಯ ಏರಿ, ಏರಿಯ ಮೇಲೆ ಯಾರೋ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು.

"ಇಲ್ಲೇ ಏನು?" ಎಂದು ತಿರುಗದೆಯೇ ಕೇಳಿದರು.

ನಮ್ಮ ಗಿರಾಕಿ ಲ್ಯಾಪ್‌ಟಾಪ್ ಚೀಲವನ್ನು ನನ್ನ ಕೈಗೆ ಕೊಟ್ಟು ಕಲ್ಲು ದಾಟಿದ.

"ಇನ್ನೊಂದು ಹೆಜ್ಜಿ ಮುಂದ ಬರ್ರಿ. ಹಾಂ, ಅಲ್ಲೇ."